ನ್ಯಾಯ ಕೇಳಿ ಒಂದು ಕಾಗದ

ಕಾಯಿಲೆ ಮನೆಗೆ ಬಂದಾಗ ಬಂಧುಬಳಗವೆಲ್ಲ ಒಂದಾಗಿ ನಿಲ್ಲುವುದನ್ನು ನಾವು ಕಾಣುತ್ತೇವೆ. ಜಪಸರ ಕೈಗೆ ಬರುತ್ತದೆ, ಗುರುಗಳನ್ನು ಕರೆಸಿ ರೋಗಿಗಳ ಅಭ್ಯಂಗ ಸಂಸ್ಕಾರ ಕೊಡಿಸುತ್ತಾರೆ, ನೆರೆಮನೆಯವರು ಗಂಜಿ ಮಾಡಿ ತರುತ್ತಾರೆ. ಕಾಯಿಲೆ ವಾಸಿಯಾಗಿ, ರೋಗಿ ಎದ್ದು ಓಡಾಡುವಂತಾದ ಮೇಲೂ ಒಂದು ಮಾತ್ರ ಮನೆಯಲ್ಲಿ ಉಳಿದುಬಿಡುತ್ತದೆ. ಅದೇ ಆಸ್ಪತ್ರೆಯ ಬಿಲ್ಲು. ವಿಮೆ ಇದೆ ಎಂಬ ಧೈರ್ಯದಲ್ಲಿದ್ದ ಕುಟುಂಬಕ್ಕೆ ಕಂಪನಿಯಿಂದ ಎರಡು ಸಾಲಿನ ಉತ್ತರ ಬರುತ್ತದೆ: ಇಷ್ಟು ಕಡಿತ ಮಾಡಲಾಗಿದೆ, ಅಥವಾ ನಿಮ್ಮ ಕ್ಲೇಮು ತಿರಸ್ಕೃತವಾಗಿದೆ. ವರ್ಷ ವರ್ಷವೂ ತಪ್ಪದೆ ಕಂತು ಕಟ್ಟಿದವರ ಮನಸ್ಸು ಆಗ ಏನಾಗಬೇಡ?

ಅಂಥ ಹೊತ್ತಿನಲ್ಲಿ ನಮ್ಮ ಭಕ್ತಾದಿಗಳ ಬಾಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, "ಹೋಗಲಿ ಬಿಡಿ ಫಾದರ್, ಎಲ್ಲವನ್ನೂ ದೇವರು ನೋಡಿಕೊಳ್ಳುತ್ತಾನೆ." ಇನ್ನೊಂದು, "ನಮಗೆ ಮೋಸ ಮಾಡಿದ್ದಾರಲ್ಲ, ಮುಂದಿನ ಸಲ ಬಿಲ್ಲಿಗೆ ನಾಲ್ಕು ಔಷಧಿ ಸೇರಿಸಿ ನಾವೂ ವಸೂಲಿ ಮಾಡಿಕೊಳ್ಳುತ್ತೇವೆ." ಮೊದಲನೆಯದು ಭಕ್ತಿಯ ಮಾತಿನಂತೆ ಕೇಳಿಸುತ್ತದೆ, ಎರಡನೆಯದು ಜಾಣತನದ ಮಾತಿನಂತೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಒಂದು ಹಾಳೆ ತೆಗೆದುಕೊಂಡು, ನಡೆದದ್ದನ್ನು ನಡೆದ ಹಾಗೆಯೇ ಬರೆದು, ನಮಗೆ ಸಲ್ಲಬೇಕಾದದ್ದನ್ನು ಮರ್ಯಾದೆಯಿಂದ ಕೇಳುವುದು. ಇದು ಕಚೇರಿ ವ್ಯವಹಾರ, ಇದರಲ್ಲಿ ವಿಶ್ವಾಸಕ್ಕೇನು ಕೆಲಸ ಎಂದು ನೀವು ಕೇಳಬಹುದು. ವಿಶ್ವಾಸಕ್ಕೂ ಇದಕ್ಕೂ ಹತ್ತಿರದ ನಂಟು ಇದೆ ಎಂಬುದನ್ನು ಒಟ್ಟಾಗಿ ಚಿಂತಿಸೋಣ.

ಸಹನೆ ಯಾರ ಖರ್ಚಿನಲ್ಲಿ?

"ಹೋಗಲಿ ಬಿಡಿ" ಎನ್ನುವವರು ಶುಭಸಂದೇಶದ ಆಧಾರವನ್ನೇ ಕೊಡುತ್ತಾರೆ. ಒಳಂಗಿ ಕೇಳುವವನಿಗೆ ಮೇಲಂಗಿಯನ್ನೂ ಬಿಟ್ಟುಕೊಡಿ ಎಂದು ಯೇಸುಸ್ವಾಮಿ ಬೆಟ್ಟದ ಪ್ರಬೋಧನೆಯಲ್ಲಿ ಕಲಿಸಲಿಲ್ಲವೇ? ಕೊರಿಂಥದ ಸಭೆಯವರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿದಾಗ ಸಂತ ಪೌಲನು, ಅದಕ್ಕಿಂತ ಅನ್ಯಾಯವನ್ನು ಸಹಿಸಿಕೊಳ್ಳಬಾರದೇ ಎಂದು ಗದರಲಿಲ್ಲವೇ? ಇವು ತಳ್ಳಿಹಾಕುವ ಮಾತುಗಳಲ್ಲ. ಸೇಡಿನ ಬೆಂಕಿಯನ್ನು ಆರಿಸಲೆಂದೇ ಪ್ರಭು ಹಾಗೆ ಹೇಳಿದ್ದಾರೆ.

ಆದರೆ ಬಿಟ್ಟುಕೊಡುವ ಅಂಗಿ ಯಾರದು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ನನ್ನ ಅಂಗಿಯನ್ನು ನಾನು ಕೊಟ್ಟರೆ ಅದು ತ್ಯಾಗ. ವಿಮೆಯಿಂದ ಬರಬೇಕಾದ ಐವತ್ತು ಸಾವಿರವನ್ನು ಮನೆಯ ಯಜಮಾನ ಸುಮ್ಮನೆ ಬಿಟ್ಟುಬಿಟ್ಟರೆ ಅದನ್ನು ತುಂಬುವವರು ಯಾರು? ಮಗಳ ಕಾಲೇಜು ಫೀಸು ತುಂಬುತ್ತದೆ, ಹೆಂಡತಿಯ ಕಿವಿಯೋಲೆ ತುಂಬುತ್ತದೆ, ಮುದಿತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ ತುಂಬುತ್ತದೆ. ಮಕ್ಕಳ ಅಂಗಿಯನ್ನು ಬಿಚ್ಚಿಕೊಟ್ಟು ತಾನು ದಾನಿಯೆನಿಸಿಕೊಳ್ಳುವುದು ಪ್ರಭು ಹೇಳಿದ ಸಹನೆಯಲ್ಲ. ಕುಟುಂಬದ ಹಣಕ್ಕೆ ನಾವು ಒಡೆಯರಲ್ಲ, ಮೇಲ್ವಿಚಾರಕರು ಮಾತ್ರ.

ಪ್ರಭು ಯೇಸುವಿನ ನಡತೆಯನ್ನೇ ನೋಡೋಣ. ಪ್ರಧಾನ ಯಾಜಕನ ಮುಂದೆ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಅವರು ತಿರುಗಿ ಹೊಡೆಯಲಿಲ್ಲ. ಸುಮ್ಮನಿರಲೂ ಇಲ್ಲ. ನಾನಾಡಿದ್ದು ತಪ್ಪಾದರೆ ತೋರಿಸಿಕೊಡು, ಸರಿಯಾಗಿದ್ದರೆ ಹೊಡೆದದ್ದೇಕೆ ಎಂದು ಕೇಳಿದರು. ಕಾರಣ ಕೇಳುವುದು ಕೋಪವಲ್ಲ. ಇನ್ನು ಸಂತ ಪೌಲನು ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಏಟು ತಿಂದು ಸೆರೆ ಸೇರಿದಾಗ, ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡುತ್ತೇವೆ ಎಂದರೂ ಒಪ್ಪದೆ, ಅವರೇ ಬಂದು ಕರೆದೊಯ್ಯಲಿ ಎಂದು ಪಟ್ಟುಹಿಡಿದ. ಮುಂದೆ ಸೆಜರೇಯದಲ್ಲಿ ಚಕ್ರವರ್ತಿಗೇ ಮೇಲ್ಮನವಿ ಮಾಡಿದ. ಸಂತ ಲೂಕನ ಶುಭಸಂದೇಶದ 18ನೇ ಅಧ್ಯಾಯದ ಬಡ ವಿಧವೆ ನ್ಯಾಯಾಧಿಪತಿಯ ಬಾಗಿಲನ್ನು ಬಿಡದೆ ತಟ್ಟಿದಳು. ಆಕೆಯನ್ನು ಪ್ರಭು ಪ್ರಾರ್ಥನೆಗೇ ಮಾದರಿಯಾಗಿ ತೋರಿಸಿದ್ದಾರಲ್ಲ!

2020ರಲ್ಲಿ ಪ್ರಕಟವಾದ 'ಫ್ರತೆಲ್ಲಿ ತುತ್ತಿ' ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಇದೇ ಗಂಟನ್ನು ಬಿಡಿಸಿದ್ದಾರೆ. ಕ್ಷಮಿಸುವುದೆಂದರೆ ನಮ್ಮ ಹಕ್ಕನ್ನು ಬಿಟ್ಟುಕೊಡುವುದಲ್ಲ. ಅನ್ಯಾಯ ಮಾಡುವವನನ್ನು ಪ್ರೀತಿಸುವುದೆಂದರೆ ಅವನು ಅನ್ಯಾಯವನ್ನು ಮುಂದುವರಿಸಲು ಬಿಡುವುದಲ್ಲ ಎಂಬುದು ಅವರ ಬೋಧನೆಯ ಸಾರ. ನಾವು ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕಲಿತ ಏಳು ಆಧ್ಯಾತ್ಮಿಕ ದಯಾಕಾರ್ಯಗಳನ್ನು ನೆನೆಯಿರಿ. ಅನ್ಯಾಯವನ್ನು ತಾಳ್ಮೆಯಿಂದ ಸಹಿಸುವುದು ಆ ಪಟ್ಟಿಯಲ್ಲಿದೆ. ತಪ್ಪು ಮಾಡಿದವರನ್ನು ತಿದ್ದುವುದೂ ಅದೇ ಪಟ್ಟಿಯಲ್ಲಿದೆ. ಧರ್ಮಸಭೆ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವಾಗ ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ನಮಗೇನು ಅಧಿಕಾರ?

ಗುಟ್ಟಾದ ವಸೂಲಿ

ಈಗ ಎರಡನೆಯ ಮಾತಿಗೆ ಬರೋಣ. ನನಗೆ ಬರಬೇಕಾದ ಹಣವನ್ನು ಕಂಪನಿ ಹಿಡಿದುಕೊಂಡಿದೆ. ಮುಂದಿನ ಬಿಲ್ಲಿನಲ್ಲಿ ಅಷ್ಟೇ ಹಣವನ್ನು ಸೇರಿಸಿ ತೆಗೆದುಕೊಂಡರೆ ತಪ್ಪೇನು? ನಾನು ಕದ್ದದ್ದು ನನ್ನ ಹಣವನ್ನೇ ಅಲ್ಲವೇ?

ನೈತಿಕ ದೈವಶಾಸ್ತ್ರಕ್ಕೆ ಈ ಪ್ರಶ್ನೆ ಹಳೆಯದು. ಇದನ್ನು ಗುಪ್ತ ಪರಿಹಾರ ಎಂದು ಕರೆಯುತ್ತಾರೆ. ಕೊಡಬೇಕಾದವನು ಕೊಡದಿದ್ದಾಗ ಅವನಿಗೆ ತಿಳಿಯದಂತೆ ಅಷ್ಟನ್ನು ತೆಗೆದುಕೊಳ್ಳುವುದು ಎಂದು ಇದರ ಅರ್ಥ. ಸಂಬಳ ಕಡಿಮೆಯಾಯಿತು ಎಂದು ಮನೆಯಾಳುಗಳು ತಾವೇ ತೀರ್ಮಾನಿಸಿ ಯಜಮಾನನ ಗಂಟಿನಿಂದ ತೆಗೆಯಬಹುದು ಎಂಬ ಸಡಿಲ ವಾದವೊಂದು ಹಿಂದೆ ಯೂರೋಪಿನಲ್ಲಿ ಹಬ್ಬಿತ್ತು. ಜಗದ್ಗುರು ಹನ್ನೊಂದನೆಯ ಇನ್ನೊಸೆಂಟ್ ಅವರು 1679ರಲ್ಲಿ ಆ ವಾದವನ್ನು ಖಂಡಿಸಿದರು. ಗುಪ್ತ ಪರಿಹಾರವನ್ನು ದೈವಶಾಸ್ತ್ರಜ್ಞರು ಒಪ್ಪಿದ್ದರೆ ತೀರಾ ಬಿಗಿಯಾದ ಷರತ್ತುಗಳ ಮೇಲೆ ಮಾತ್ರ: ಸಾಲ ಖಚಿತವಾಗಿರಬೇಕು, ಮೂರನೆಯವರಿಗೆ ನಷ್ಟವಾಗಬಾರದು, ಬೇರೆ ಯಾವ ದಾರಿಯೂ ಉಳಿದಿರಬಾರದು.

ಈ ಮೂರು ಷರತ್ತುಗಳನ್ನು ನಮ್ಮ ವಿಷಯಕ್ಕೆ ಹಚ್ಚಿ ನೋಡಿ. ಸಾಲ ಖಚಿತವೇ? ಕಡಿತಕ್ಕೆ ಕಾರಣವೇನೆಂದು ನಾವು ಪಾಲಿಸಿಯನ್ನೇ ಓದಿಲ್ಲವೆಂದರೆ ಖಚಿತವೆನ್ನುವುದು ಹೇಗೆ? ಮೂರನೆಯವರಿಗೆ ನಷ್ಟವಿಲ್ಲವೇ? ವಿಮೆ ಎಂಬುದು ಕಂಪನಿಯ ಯಜಮಾನನ ಕಿಸೆಯ ಹಣವಷ್ಟೇ ಅಲ್ಲ. ಸಾವಿರಾರು ಕುಟುಂಬಗಳು ಕಟ್ಟಿದ ಕಂತು ಒಂದು ಹುಂಡಿಯಲ್ಲಿ ಸೇರಿರುತ್ತದೆ. ಕಾಯಿಲೆ ಬಂದವನಿಗೆ ಬಾರದವನ ಕಂತು ನೆರವಾಗುತ್ತದೆ. ಸುಳ್ಳು ಬಿಲ್ಲಿನಿಂದ ತೆಗೆದ ಹಣ ಆ ಹುಂಡಿಯದು. ನಾಳೆ ಎಲ್ಲರ ಕಂತೂ ಏರುತ್ತದೆ, ಅದನ್ನು ಕಟ್ಟಲಾಗದೆ ಬಡವನೊಬ್ಬ ಪಾಲಿಸಿಯನ್ನೇ ಕೈಬಿಡುತ್ತಾನೆ. ಕೊನೆಯದಾಗಿ, ಬೇರೆ ದಾರಿಯಿಲ್ಲವೇ? ದಾರಿ ಇದೆ. ಕಾಗದ ಬರೆಯುವ ದಾರಿ ತೆರೆದೇ ಇದೆ. ಅದು ತೆರೆದಿರುವವರೆಗೆ ಗುಟ್ಟಾದ ವಸೂಲಿಗೆ ಯಾವ ಮನ್ನಣೆಯೂ ಇಲ್ಲ.

ಸಂತ ಥಾಮಸ್ ಅಕ್ವಿನಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಇನ್ನೊಬ್ಬನು ಅನ್ಯಾಯವಾಗಿ ಇಟ್ಟುಕೊಂಡ ತನ್ನ ವಸ್ತುವನ್ನೇ ಒಬ್ಬನು ಕದ್ದು ತಂದರೆ ಅದು ಪಾಪವೇ ಎಂದು ಕೇಳಿ, ಹೌದು ಎನ್ನುತ್ತಾರೆ. ವಸ್ತು ಇಟ್ಟುಕೊಂಡವನಿಗೆ ಅದರಿಂದ ನಷ್ಟವಿಲ್ಲ, ನಿಜ. ಆದರೆ ಕದ್ದವನು ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧಿಪತಿಯಾಗಿ ಕುಳಿತು ನ್ಯಾಯದ ಕ್ರಮವನ್ನೇ ಕೆಡಿಸಿದ್ದಾನೆ ಎಂಬುದು ಅವರ ವಾದ. ಕಾಗದ ಬರೆಯುವವನು ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತಾನೆ. ತನ್ನ ಲೆಕ್ಕವನ್ನು ಬೆಳಕಿಗೆ ಹಿಡಿದು, ನೀವೂ ನೋಡಿ, ತಪ್ಪಿದ್ದರೆ ಹೇಳಿ ಎನ್ನುತ್ತಾನೆ.

ಇದೇ ಮಾತು ಪಾಲಿಸಿ ಮಾಡಿಸುವ ದಿನಕ್ಕೂ ಅನ್ವಯಿಸುತ್ತದೆ. "ಸಕ್ಕರೆ ಕಾಯಿಲೆ, ಬಿ.ಪಿ. ಇದೆ ಎಂದು ಬರೆಯಬೇಡಿ ಸಾರ್, ಕಂತು ಜಾಸ್ತಿಯಾಗುತ್ತೆ" ಎಂದು ಏಜೆಂಟ್ ಹೇಳುತ್ತಾನೆ, ಅರ್ಜಿಯನ್ನು ಅವನೇ ತುಂಬುತ್ತಾನೆ, ನಾವು ಓದದೆ ಸಹಿ ಹಾಕುತ್ತೇವೆ. ವಿಮೆಯ ಒಪ್ಪಂದ ನಿಂತಿರುವುದೇ ಎರಡೂ ಕಡೆಯ ಪೂರ್ಣ ನಂಬಿಕೆಯ ಮೇಲೆ. ಒಂದೇ ಪಾಲಿಸಿ ಸತತವಾಗಿ 60 ತಿಂಗಳು ನಡೆದರೆ, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮನ್ನು ತಳ್ಳಿಹಾಕುವಂತಿಲ್ಲ, ಸಾಬೀತಾದ ವಂಚನೆಗೆ ಮಾತ್ರ ಈ ರಕ್ಷಣೆಯಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಿಯಮ ಮಾಡಿತು. ಹಿಂದೆ ಈ ಅವಧಿ 8 ವರ್ಷವಿತ್ತು. ತಿಳಿಯದೆ ಬಿಟ್ಟುಹೋದ ಸಂಗತಿಗಾಗಿ ಬಡವರು ನರಳಬಾರದೆಂದು ಮಾಡಿದ ಈ ಕರುಣೆಯನ್ನು, ಐದು ವರ್ಷ ಮುಚ್ಚಿಟ್ಟರೆ ಸಾಕು ಎಂಬ ಉಪಾಯವಾಗಿ ಬಳಸಬಹುದೇ? ಕಾನೂನು ನಿಲ್ಲುವ ಕಡೆ ಅಂತಃಸಾಕ್ಷಿ ನಿಲ್ಲುವುದಿಲ್ಲ. ದೇವರ ಎಂಟನೆಯ ಕಟ್ಟಳೆಗೆ 60 ತಿಂಗಳ ಗಡುವು ಇಲ್ಲ.

ಸಂತ ಪೌಲನ ಸಣ್ಣ ಕಾಗದ

ಪವಿತ್ರ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಅಧ್ಯಾಯದ ಪತ್ರವೊಂದಿದೆ. ಸಂತ ಪೌಲನು ಫಿಲೆಮೋನನಿಗೆ ಬರೆದದ್ದು. ಒನೇಸಿಮನೆಂಬ ಗುಲಾಮ ಯಜಮಾನನನ್ನು ಬಿಟ್ಟು ಬಂದಿದ್ದಾನೆ, ಪ್ರಾಯಶಃ ನಷ್ಟವನ್ನೂ ಮಾಡಿದ್ದಾನೆ. ಸೆರೆಯಲ್ಲಿದ್ದ ಪೌಲನು ಅವನ ಪರವಾಗಿ ಬರೆಯುತ್ತಾನೆ. ಆ ಪತ್ರದಲ್ಲಿ ಲೆಕ್ಕದ ಮಾತೂ ಬರುತ್ತದೆ. ಅವನಿಂದ ನಿನಗೇನಾದರೂ ಬಾಕಿಯಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ತೀರಿಸುತ್ತೇನೆ, ಇದನ್ನು ನನ್ನ ಕೈಯಿಂದಲೇ ಬರೆದುಕೊಟ್ಟಿದ್ದೇನೆ ಎಂಬರ್ಥದ ಮಾತು ಅದು. ಪ್ರೇಷಿತನೊಬ್ಬ ಬಾಕಿ ಲೆಕ್ಕದ ಬಗ್ಗೆ ಸಹಿ ಮಾಡಿ ಕಾಗದ ಬರೆದದ್ದು ದೇವರ ವಾಕ್ಯವೆನಿಸಿತು.

ಆ ಪತ್ರದ ರೀತಿಯನ್ನು ಗಮನಿಸಿ. ಮೊದಲು ಫಿಲೆಮೋನನ ಒಳ್ಳೆಯತನವನ್ನು ನೆನೆಯುತ್ತಾನೆ. ಆಜ್ಞೆ ಮಾಡುವ ಅಧಿಕಾರವಿದ್ದರೂ ವಿನಂತಿಯನ್ನೇ ಮಾಡುತ್ತಾನೆ. ಬಾಕಿಯನ್ನು ಮುಚ್ಚಿಡುವುದಿಲ್ಲ. ಕೊನೆಗೆ, ನನಗಾಗಿ ಒಂದು ಕೋಣೆ ಸಿದ್ಧಮಾಡು, ಬರುತ್ತೇನೆ ಎಂದು ಹೇಳಿ ಸಂಬಂಧದ ಬಾಗಿಲನ್ನು ತೆರೆದೇ ಇಡುತ್ತಾನೆ. ದೂರು ಬರೆಯುವ ಪ್ರತಿಯೊಬ್ಬರೂ ಒಮ್ಮೆ ಓದಬೇಕಾದ ಪತ್ರವಿದು.

ಬರವಣಿಗೆಗೆ ಒಂದು ಶಿಸ್ತಿದೆ. ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಕೂಗಾಡಿದರೆ ಆ ಹುಡುಗಿ ಅಳುತ್ತಾಳೆ, ಬಿಲ್ಲು ಮಾತ್ರ ಹಾಗೆಯೇ ಇರುತ್ತದೆ. ನಿಯಮ ಮಾಡಿದವಳು ಅವಳಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬರೆಯಲು ಕುಳಿತವನಿಗೆ ತಾರೀಖು ಬೇಕು, ಅಂಕಿ ಬೇಕು, ರಸೀದಿ ಬೇಕು. ಅವನ್ನು ಹುಡುಕುವಷ್ಟರಲ್ಲಿ ಸಿಟ್ಟು ಇಳಿಯುತ್ತದೆ, ನಿಜ ಮೇಲೆ ಬರುತ್ತದೆ. ಎಷ್ಟೋ ಸಲ ಅರ್ಧ ತಪ್ಪು ನಮ್ಮದೇ ಎಂಬುದೂ ಆಗ ತಿಳಿಯುತ್ತದೆ.

ಒಂದು ಲೆಕ್ಕ

ಉದಾಹರಣೆಗೆ ಹೀಗೆಂದುಕೊಳ್ಳಿ. ಒಂದು ಕುಟುಂಬಕ್ಕೆ 3 ಲಕ್ಷ ರೂಪಾಯಿಯ ಪಾಲಿಸಿ ಇದೆ. ದಿನಕ್ಕೆ ಅದರ ಶೇಕಡ 1, ಅಂದರೆ 3,000 ರೂಪಾಯಿವರೆಗಿನ ಕೋಣೆ ಬಾಡಿಗೆಯನ್ನು ಮಾತ್ರ ಕೊಡುವ ಷರತ್ತಿದೆ. ಇವರು 6,000 ರೂಪಾಯಿಯ ಕೋಣೆಯಲ್ಲಿ 5 ದಿನ ಇದ್ದರು. ಕೋಣೆ ಬಾಡಿಗೆ 30,000, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆ ಕೊಠಡಿ, ಶುಶ್ರೂಷೆ ಸೇರಿ 80,000, ಔಷಧಿ 40,000, ಮೂಳೆಗೆ ಅಳವಡಿಸಿದ ಸಾಧನಕ್ಕೆ 20,000, ರಕ್ತಪರೀಕ್ಷೆ, ಎಕ್ಸ್‌ರೇ ಮುಂತಾದವಕ್ಕೆ 14,000. ಒಟ್ಟು 1,84,000 ರೂಪಾಯಿ. ಕಂಪನಿ ಎಲ್ಲವನ್ನೂ ಅರ್ಧಕ್ಕೆ ಇಳಿಸಿ 92,000 ಕೊಟ್ಟಿತು.

ಮನೆಯವರು ಪಾಲಿಸಿ ತೆಗೆದು ಓದಿದರು. ದುಬಾರಿ ಕೋಣೆ ಹಿಡಿದರೆ ಬಾಡಿಗೆಯ ಜೊತೆಗೆ ವೈದ್ಯರ ಶುಲ್ಕ ಮುಂತಾದವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ ಎಂದು ಅಲ್ಲಿ ಬರೆದಿದೆ. ಹಾಗಾಗಿ ಮೊದಲೆರಡು ಬಾಬುಗಳಲ್ಲಿ ಅರ್ಧ ಹೋದದ್ದು ಸರಿ. ಅದು ಕಹಿಯಾದರೂ ಒಪ್ಪಬೇಕಾದ ಮಾತು. ಆದರೆ ಔಷಧಿ, ಅಳವಡಿಸುವ ಸಾಧನ, ಪರೀಕ್ಷೆಗಳ ಖರ್ಚನ್ನು ಈ ಪ್ರಮಾಣದ ಕಡಿತಕ್ಕೆ ಸೇರಿಸಬಾರದೆಂದು ಪ್ರಾಧಿಕಾರವು 2020ರಲ್ಲಿ ಸೂಚಿಸಿತ್ತು. ಇವರ ಪಾಲಿಸಿಯಲ್ಲೂ ಆ ಮಾತಿದೆ. ಹಾಗಾದರೆ ಬರಬೇಕಾದದ್ದು ಎಷ್ಟು? 15,000, 40,000 ಮತ್ತು ಪೂರ್ತಿ 74,000. ಒಟ್ಟು 1,29,000. ಬಂದದ್ದು 92,000. ಬಾಕಿ 37,000 ರೂಪಾಯಿ.

ಈ ಕುಟುಂಬ ಈಗ ಕಾಗದ ಬರೆದರೆ ಅದರಲ್ಲಿ 92,000 ಕೇಳುವುದಿಲ್ಲ, 37,000 ಕೇಳುತ್ತದೆ. ಕಡಿತದಲ್ಲಿ 55,000 ರೂಪಾಯಿ ಸರಿಯಾದುದೆಂದು ತಾನೇ ಒಪ್ಪಿ ಬರೆಯುತ್ತದೆ. ನ್ಯಾಯವೆಂದರೆ ಪ್ರತಿಯೊಬ್ಬರಿಗೂ ಅವರವರದನ್ನು ಕೊಡುವ ದೃಢ ಮನಸ್ಸು ಎಂದು ಸಂತ ಥಾಮಸರು ಹೇಳಿದ್ದು ಇದನ್ನೇ. ಕಂಪನಿಗೂ ಒಂದು 'ಅದರದು' ಇದೆ. ಅದನ್ನು ಒಪ್ಪಿಕೊಂಡವನ ಕಾಗದಕ್ಕೆ ತೂಕ ಹೆಚ್ಚು. ನೈತಿಕ ದೈವಶಾಸ್ತ್ರಜ್ಞರ ಪಾಲಕರಾದ ಸಂತ ಅಲ್ಫೋನ್ಸ್ ಲಿಗೋರಿಯವರು ಮೊದಲು ನೇಪಲ್ಸಿನಲ್ಲಿ ಹೆಸರಾಂತ ವಕೀಲರಾಗಿದ್ದರು. 1723ರಲ್ಲಿ ದಾಖಲೆಯ ಒಂದು ಅಂಶವನ್ನು ಸರಿಯಾಗಿ ಗಮನಿಸದೆ ದೊಡ್ಡ ಮೊಕದ್ದಮೆಯೊಂದನ್ನು ಸೋತರು. ಅಂಥವರಿಗೇ ಹಾಗಾಯಿತೆಂದರೆ, ಸಣ್ಣ ಅಕ್ಷರದ ಪಾಲಿಸಿಯನ್ನು ಎರಡು ಸಲ ಓದುವುದರಲ್ಲಿ ನಮಗೇನು ಅವಮಾನ?

ಮತ್ತಾಯನ 18ನೇ ಅಧ್ಯಾಯದ ಮೆಟ್ಟಿಲುಗಳು

ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನಿಗೇ ತಿಳಿಸು. ಕೇಳದಿದ್ದರೆ ಒಂದಿಬ್ಬರು ಸಾಕ್ಷಿಗಳೊಡನೆ ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಪ್ರಭು ಹಾಕಿಕೊಟ್ಟ ಈ ಕ್ರಮದಲ್ಲಿ ಎಂಥ ವಿವೇಕವಿದೆ! ಮೊದಲ ದಿನವೇ ಊರೆಲ್ಲ ಡಂಗುರ ಸಾರಬೇಡ, ತಿದ್ದಿಕೊಳ್ಳಲು ಅವನಿಗೊಂದು ಅವಕಾಶ ಕೊಡು ಎಂಬುದು ಅದರ ತಿರುಳು. ನಮ್ಮ ದೇಶದ ಕಾನೂನಿನಲ್ಲೂ ಹೆಚ್ಚುಕಡಿಮೆ ಇದೇ ಮೆಟ್ಟಿಲುಗಳಿವೆ.

ಮೊದಲ ಕಾಗದ ಕಂಪನಿಗೇ ಹೋಗಬೇಕು. ಪ್ರತಿ ವಿಮಾ ಕಂಪನಿಯಲ್ಲೂ ಕುಂದುಕೊರತೆ ಅಧಿಕಾರಿ ಇರುತ್ತಾರೆ. ಪಾಲಿಸಿ ಸಂಖ್ಯೆ, ಕ್ಲೇಮು ಸಂಖ್ಯೆ, ಆಸ್ಪತ್ರೆ ಸೇರಿದ ಮತ್ತು ಬಿಟ್ಟ ತಾರೀಖು, ಬಂದ ಹಣ, ಬರಬೇಕಾದ ಹಣ, ಆಧಾರವಾದ ಷರತ್ತು, ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ಕ್ಲೇಮು ತಿರಸ್ಕರಿಸುವಾಗ ಪಾಲಿಸಿಯ ಯಾವ ಷರತ್ತಿನಂತೆ ಎಂದು ಕಂಪನಿ ನಿರ್ದಿಷ್ಟವಾಗಿ ತಿಳಿಸಲೇಬೇಕು ಎಂದು ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆ ಹೇಳುತ್ತದೆ. ಕಾರಣ ತಿಳಿಸದಿದ್ದರೆ ಕಾರಣವನ್ನೇ ಮೊದಲು ಕೇಳಿ. ಮೂಲಪತ್ರಗಳನ್ನು ಕಳಿಸಬೇಡಿ, ಜೆರಾಕ್ಸ್ ಪ್ರತಿ ಸಾಕು. ರಿಜಿಸ್ಟರ್ಡ್ ಅಂಚೆಯನ್ನು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿರುವುದರಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆಯ ರಸೀದಿಯನ್ನು ಕಾಗದದ ಪ್ರತಿಗೆ ಅಂಟಿಸಿಡಿ.

ಕಂಪನಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಎರಡನೆಯ ಮೆಟ್ಟಿಲು ವಿಮಾ ಲೋಕಪಾಲರದು. ಇನ್ಶೂರೆನ್ಸ್ ಓಂಬುಡ್ಸ್‌ಮನ್ ಎಂದು ಕರೆಯುವ ಈ ವ್ಯವಸ್ಥೆ 1998ರಲ್ಲಿ ಶುರುವಾಯಿತು, ಈಗ 2017ರ ನಿಯಮಗಳಂತೆ ನಡೆಯುತ್ತಿದೆ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅವರು ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕಂಪನಿ ಕೈಚೆಲ್ಲಿದ ಒಂದು ವರ್ಷದೊಳಗೆ ಬರೆಯಬೇಕು. ಕಂಪನಿಗೆ ಮೊದಲೇ ಬರೆದಿರಬೇಕು ಎಂಬುದೇ ಅವರ ಮುಖ್ಯ ಷರತ್ತು. ನೋಡಿ, ಮೊದಲ ಮೆಟ್ಟಿಲನ್ನು ಹಾರಿ ಬಂದವನನ್ನು ಕಾನೂನೂ ಹಿಂದಕ್ಕೆ ಕಳಿಸುತ್ತದೆ. ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು.

ತಕರಾರು ಆಸ್ಪತ್ರೆಯ ಬಿಲ್ಲಿನದೇ ಆದರೆ ಆಸ್ಪತ್ರೆಯ ಆಡಳಿತಾಧಿಕಾರಿಗೆ ಬರೆದು, ಬಾಬುವಾರು ಬಿಲ್ಲು ಕೇಳಿ. ರೋಗಿಯೇ ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿನೀತಿಯ 2002ರ ನಿಯಮಗಳು ಹೇಳುತ್ತವೆ. ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವಿದೆ. ಅದರ 2017ರ ತಿದ್ದುಪಡಿಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಬರೆಯಬಹುದು. ಹಣ ಪಡೆದು ಮಾಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ತೀರ್ಪು ಕೊಟ್ಟಿದೆ.

ಕಾಗದ ತಲುಪಿದವರಿಗೆ

ಇಷ್ಟು ಹೊತ್ತು ಬರೆಯುವವರ ಮಾತಾಯಿತು. ಈ ಪತ್ರಿಕೆಯನ್ನು ಓದುವವರಲ್ಲಿ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದವರು, ವಿಮಾ ಕಚೇರಿಯವರು, ಏಜೆಂಟರು, ವೈದ್ಯರು, ದಾದಿಯರು, ನಮ್ಮದೇ ಸಂಸ್ಥೆಗಳನ್ನು ನಡೆಸುವ ಗುರುಗಳು, ಕನ್ಯಾಸ್ತ್ರೀಯರು ಇದ್ದಾರೆ. ಅವರಿಗೂ ಒಂದು ಮಾತು.

ಕಾಗದಕ್ಕೆ ಉತ್ತರ ಬರೆಯದಿರುವುದು ಸಣ್ಣ ಅಸಡ್ಡೆಯಂತೆ ಕಾಣುತ್ತದೆ. ಕಾಯುವವನಿಗೆ ಅದು ಸಣ್ಣದಲ್ಲ. ಕೂಲಿಯಾಳುಗಳಿಂದ ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಎಂದು ಸಂತ ಯಕೋಬನು ತನ್ನ ಪತ್ರದಲ್ಲಿ ಎಚ್ಚರಿಸಿದ್ದಾನೆ. ಮೇಜಿನ ಮೇಲೆ ಬಾಕಿ ಬಿದ್ದ ಕಾಗದಗಳಿಗೂ ಅಂಥ ಬಾಯಿ ಇದೆ. ಸಾಲದ ಬಾಕಿಯಿದೆ ಎಂದು ಮೃತದೇಹವನ್ನು ಹಿಡಿದಿಡುವಂತಿಲ್ಲ ಎಂದು ನಮ್ಮ ರಾಜ್ಯದ ಕಾನೂನೇ ಹೇಳಬೇಕಾಗಿ ಬಂತು. ಸತ್ತವರನ್ನು ಸಮಾಧಿ ಮಾಡುವುದು ದಯಾಕಾರ್ಯವೆಂದು ಕಲಿತ ನಮಗೆ ಅದನ್ನು ಕಾನೂನು ಕಲಿಸಬೇಕೇ? ಕ್ರೈಸ್ತ ಹೆಸರಿನ ಆಸ್ಪತ್ರೆಯ ಮೇಲೆ ಕ್ರೈಸ್ತನೊಬ್ಬ ದೂರು ಬರೆದರೆ ಅವನನ್ನು ಧರ್ಮಸಭೆಯ ವೈರಿಯೆಂದು ನೋಡಬಾರದು. ಅವನು ಹೊರಗೆ ಹೋಗುವ ಮೊದಲು ಮನೆಯವರ ಬಾಗಿಲಿಗೆ ಬಂದಿದ್ದಾನೆ. ಹಣ ಹಿಂದಿರುಗಿಸಲು ಆಗದಿದ್ದರೂ, ಏಕೆ ಆಗುವುದಿಲ್ಲ ಎಂದು ಎರಡು ಸಾಲು ಬರೆದರೆ ಅವನನ್ನು ಮನುಷ್ಯನೆಂದು ಕಂಡ ಹಾಗಾಯಿತು.

ಲೆಕ್ಕದ ಆಮೇಲೆ ಕ್ಷಮೆ

ಕೊನೆಗೆ, ಎಲ್ಲಿಯವರೆಗೆ ಬರೆಯಬೇಕು? 37,000 ರೂಪಾಯಿಗಾಗಿ ನಿದ್ದೆ ಕೆಟ್ಟು, ಮನೆಯಲ್ಲಿ ಬೇರೆ ಮಾತೇ ಇಲ್ಲವಾಗಿ, ಬಲಿಪೂಜೆಯಲ್ಲೂ ಕಂಪನಿಯ ಮೇಲಿನ ಸಿಟ್ಟೇ ಕುದಿಯುವಂತಾದರೆ, ಹಣ ಬಂದರೂ ನಾವು ಕಳೆದುಕೊಂಡದ್ದೇ ಹೆಚ್ಚು. ಉತ್ತರ ಬಂದು, ನಮ್ಮ ಲೆಕ್ಕವೇ ತಪ್ಪೆಂದು ತಿಳಿದರೆ ಒಪ್ಪಿಕೊಳ್ಳೋಣ. ನಮ್ಮ ಲೆಕ್ಕ ಸರಿಯಿದ್ದೂ ಎಲ್ಲ ಮೆಟ್ಟಿಲು ಹತ್ತಿದ ಮೇಲೂ ಸಿಗದಿದ್ದರೆ, ಆಗ ಬಿಟ್ಟುಬಿಡುವುದಕ್ಕೆ ಒಂದು ಅರ್ಥವಿದೆ.

ಮತ್ತಾಯನ ಅದೇ 18ನೇ ಅಧ್ಯಾಯದ ಕೊನೆಯಲ್ಲಿ ಅರಸನೊಬ್ಬನ ಸಾಮತಿ ಇದೆ. ಅವನು ಹತ್ತು ಸಾವಿರ ತಲೆಂತುಗಳ ಸಾಲವನ್ನು ಮನ್ನಾ ಮಾಡಿದ. ಆದರೆ ಅದಕ್ಕೂ ಮೊದಲು ಏನು ಮಾಡಿದ? ಲೆಕ್ಕ ಕೇಳಿದ. ಸಾಲ ಎಷ್ಟೆಂದು ತಿಳಿದ ಮೇಲೆಯೇ ಮನ್ನಾ ಮಾಡಿದ. ಲೆಕ್ಕ ಕೇಳದೆ "ಹೋಗಲಿ ಬಿಡಿ" ಎಂದವನು ಎಷ್ಟನ್ನು ಕ್ಷಮಿಸಿದ್ದಾನೆಂದು ಅವನಿಗೇ ಗೊತ್ತಿಲ್ಲ. ಅದಕ್ಕೇ ಅವನ ಮನಸ್ಸಿನಲ್ಲಿ ಕಹಿ ಉಳಿದುಬಿಡುತ್ತದೆ. ಪಾಪನಿವೇದನೆಯಲ್ಲೂ ನಾವು ಪಾಪವನ್ನು ಹೆಸರಿಟ್ಟು ಹೇಳಿದ ಮೇಲಲ್ಲವೇ ಕ್ಷಮೆಯ ಮಾತು ಕೇಳುವುದು?

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಬರೆಯಲು ಬಾರದ, ಬಂದರೂ ಕಚೇರಿಯ ಭಾಷೆಗೆ ಹೆದರುವ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಕಾಲೇಜು ಕಲಿತ ಯುವಕ ಯುವತಿಯರೂ, ನಿವೃತ್ತ ಶಿಕ್ಷಕರೂ, ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಸದಸ್ಯರೂ ಭಾನುವಾರದ ಬಲಿಪೂಜೆಯ ನಂತರ ಒಂದು ಗಂಟೆ ಅವರ ಪಕ್ಕ ಕುಳಿತು, ಬಿಲ್ಲು ನೋಡಿ, ಪಾಲಿಸಿ ಓದಿ, ನಿಜವನ್ನಷ್ಟೇ ಬರೆದುಕೊಟ್ಟರೆ ಅದೂ ರೋಗಿಗಳ ಸೇವೆಯೇ. ಸಂತ ಪೌಲನು ಒನೇಸಿಮನಿಗಾಗಿ ಮಾಡಿದ್ದು ಅದನ್ನೇ. ಕಾಗದದ ಕೊನೆಯಲ್ಲಿ ಆ ಅಜ್ಜಿಯ ನಡುಗುವ ಸಹಿ ಬೀಳುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. "ಇದರಲ್ಲಿ ಸುಳ್ಳೇನೂ ಇಲ್ಲ ತಾನೇ ಮಗಾ?" ಎಂದು ಆಕೆ ಕೇಳಿದರೆ, ಇಲ್ಲ ಅಜ್ಜಿ ಎಂದು ಅಂಜದೆ ಹೇಳುವಂತಿರಲಿ.